ನೂರರಲ್ಲಿ ಹತ್ತು ಕೊಟ್ಟಾಯಿತು, ಉಳಿದ ತೊಂಬತ್ತು ಯಾರದು?

ಕಳೆದ ಸುಗ್ಗಿ ಹಬ್ಬದ ಭಾನುವಾರ ದಾವಣಗೆರೆಯ ಒಂದು ಚರ್ಚಿನ ಅಂಗಳದಲ್ಲಿ ಕುಂಬಳಕಾಯಿಯೊಂದು 1,100 ರೂಪಾಯಿಗೆ ಹರಾಜಾಯಿತು. ಸಂತೆಯಲ್ಲಾದರೆ ಅದಕ್ಕೆ ಅರವತ್ತು ಕೊಟ್ಟರೆ ಹೆಚ್ಚು. ಸಭೆಯವರು ತಂತಮ್ಮ ಹಿತ್ತಲಿನಿಂದ, ಹೊಲದಿಂದ ತಂದ ಬಾಳೆಗೊನೆ, ತೆಂಗಿನಕಾಯಿ, ಒಂದು ಪಡಿ ರಾಗಿ, ಕಾಲು ಕಟ್ಟಿದ ನಾಟಿ ಕೋಳಿ ಎಲ್ಲವೂ ಹೀಗೆಯೇ ಒಂದಕ್ಕೆ ಹತ್ತರ ಬೆಲೆಗೆ ಹೋದವು. ಕುಂಬಳಕಾಯಿ ಕೂಗಿದವರು ನಮ್ಮ ಬೀದಿಯ ನಿವೃತ್ತ ಶಿಕ್ಷಕಿ. ನಾವೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುತ್ತೇವೆ. ಊಟಕ್ಕೆಂದು ನಮ್ಮನ್ನು ಕರೆದುಕೊಂಡು ಹೋಗಿದ್ದವರೂ ಅವರೇ. ನನ್ನ ಹೆಂಡತಿ ನನ್ನ ಕಿವಿಯಲ್ಲಿ, "ಪಿಂಚಣಿಯಲ್ಲಿ ಬದುಕುವವರು, ಇವರಿಗೆ ಇದೆಲ್ಲ ಕಡ್ಡಾಯವೇ?" ಎಂದಳು.

ಹರಾಜು ನಮಗೇನು ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಲಕ್ಷಗಳಿಗೆ ಹೋಗುವುದನ್ನು ಈ ಸೀಮೆಯವರೆಲ್ಲ ಬಲ್ಲರು. ಆದರೆ ಇದಾದ ತಿಂಗಳಿಗೆ ಅದೇ ಟೀಚರಮ್ಮ ಉಯಿಲು ಬರೆಯಬೇಕೆಂದು ಕಾಗದ ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಅಂಗಡಿಗಳ ಲೆಕ್ಕ ಬರೆದುಕೊಂಡು ಬದುಕುವವನು, ವಕೀಲನಲ್ಲ. ಆದರೂ ಕೇಳಿದವರಿಗೆ ಏನಾದರೂ ತಿಳಿಸಬೇಕಲ್ಲ ಎಂದು ಓದಲು ಕುಳಿತೆ. ಹಬ್ಬದ ಕುಂಬಳಕಾಯಿಗೂ ಮನೆಯ ಉಯಿಲಿಗೂ ಬೇರು ಒಂದೇ ಎಂಬುದು ಆಗ ತಿಳಿಯಿತು. ಬೀದಿಯಲ್ಲಿ ಬೇರೆಯವರೂ ಕೇಳುತ್ತಿರುವುದರಿಂದ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ನೀರುಗಂಟಿಯ ಕೆಲಸ

ಕೆರೆಯ ಕೆಳಗೆ ಗದ್ದೆ ಇದ್ದವರಿಗೆ ನೀರುಗಂಟಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಬೆಳೆದವರಿಗಾಗಿ ಹೇಳುತ್ತೇನೆ. ಕೆರೆಯ ತೂಬನ್ನು ತೆಗೆದು, ಸರದಿಯ ಪ್ರಕಾರ ಒಂದೊಂದು ಗದ್ದೆಗೂ ನೀರು ಹಾಯಿಸಲು ಊರು ನೇಮಿಸಿದವನು ನೀರುಗಂಟಿ. ನೀರು ಅವನದಲ್ಲ, ಕೆರೆಯೂ ಅವನದಲ್ಲ. ಆದರೆ ತೂಬಿನ ಮೇಲೆ ಅವನ ಮಾತು ನಡೆಯುತ್ತದೆ. ಗೌಡರ ಗದ್ದೆಯಾದರೂ ಸರದಿ ಕಾಯಬೇಕು. ಅವನದೇ ಒಂದು ತುಂಡು ಗದ್ದೆ ಇದ್ದರೆ ಅದಕ್ಕೂ ಪಾಲು ಸಿಗುತ್ತದೆ, ಅದೂ ಸರದಿಯಲ್ಲೇ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಇಂತಿಷ್ಟು ಧಾನ್ಯ ಸಲ್ಲುತ್ತಿತ್ತು. ನೀರು ಪೋಲಾದರೆ, ಕೊನೆಯ ಗದ್ದೆ ಒಣಗಿದರೆ, ಊರವರು ಕರೆದು ಕೇಳುವುದು ಅವನನ್ನೇ.

ಆಸ್ತಿ ಮತ್ತು ಕುಟುಂಬದ ಬಗ್ಗೆ ಕ್ರೈಸ್ತರ ತಿಳಿವಳಿಕೆ ಹೆಚ್ಚುಕಡಿಮೆ ಇದೇ. ಒಡೆಯ ದೇವರು, ಮನುಷ್ಯ ನೀರುಗಂಟಿ. ಹಣ, ಹೊಲ, ಮೈಯ ಕಸುವು, ಹೊತ್ತು, ಮಕ್ಕಳು ಎಲ್ಲ ಅವನ ಕೈಗೆ ಒಪ್ಪಿಸಿದ ನೀರು. ಭೂಮಿಯೂ ಅದರಲ್ಲಿರುವ ಸಮಸ್ತವೂ ದೇವರದು: ಬೈಬಲಿನ ಕೀರ್ತನೆಗಳ 24ನೇ ಅಧ್ಯಾಯ ಶುರುವಾಗುವುದೇ ಈ ಮಾತಿನಿಂದ. ಆದಿಕಾಂಡದ 2ನೇ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಯಾಜಕಕಾಂಡದ 25ನೇ ಅಧ್ಯಾಯವಂತೂ ಭೂಮಿಯನ್ನು ಶಾಶ್ವತವಾಗಿ ಮಾರಕೂಡದು, ಭೂಮಿ ನನ್ನದು, ನೀವು ನನ್ನ ಬಳಿ ಇರುವ ಪರದೇಶಿಗಳು ಎಂದು ದೇವರೇ ಹೇಳಿದಂತೆ ಬರೆದಿದೆ. ಪಹಣಿಯಲ್ಲಿ ನಮ್ಮ ಹೆಸರಿದ್ದರೂ ನಾವು ಗೇಣಿದಾರರೇ ಎಂದ ಹಾಗೆ.

ನೀರುಗಂಟಿ ಸನ್ಯಾಸಿಯಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆಸ್ತಿ ಇರುವುದು ತಪ್ಪು ಎಂದು ಈ ವಿಚಾರ ಹೇಳುವುದಿಲ್ಲ. ಯೇಸುವಿನ ಸಂದೇಶ ಸಾರಿದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಕೆಡುಕಿನ ಬೇರು ಎಂದದ್ದು ಹಣದಾಸೆಯನ್ನು. ಜನ ಅದನ್ನು "ಹಣವೇ ಕೆಡುಕಿನ ಬೇರು" ಎಂದು ಮೊಟಕು ಮಾಡಿಕೊಂಡಿದ್ದಾರೆ.

ಈ ನೆಲದವರಿಗೆ ಇಲ್ಲಿ ಕಾಯಕ, ದಾಸೋಹದ ನೆನಪು ಬಂದರೆ ಸಹಜ. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರುವಂತೆ ಕಳುಹಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಅರಣ್ಯದಲ್ಲಿ ಬಿದ್ದ ಮನ್ನವೆಂಬ ಆಹಾರವನ್ನು ನಾಳೆಗೆಂದು ಕೂಡಿಟ್ಟವರ ಪಾತ್ರೆಯಲ್ಲಿ ಅದು ಹುಳುಬಿದ್ದು ನಾರಿತು ಎಂದಿದೆ. ಎರಡು ಕಥೆಗಳ ದೇಶ ಕಾಲ ಬೇರೆ, ಹಿಂದಿರುವ ದೇವರ ಕಲ್ಪನೆಯೂ ಬೇರೆ. ಲಕ್ಕಮ್ಮ ಮಾತ್ರ ಎರಡೂ ಕಡೆ ನಿಲ್ಲುವ ಹೆಂಗಸು ಎಂದು ನನಗೆ ಅನ್ನಿಸುತ್ತದೆ.

ಮನೆವಾರ್ತೆ

ಕನ್ನಡ ಬೈಬಲಿನಲ್ಲಿ ಈ ಕೆಲಸಕ್ಕೆ ಎರಡು ಚಂದದ ಹೆಸರುಗಳಿವೆ: ಮನೆವಾರ್ತೆಯವನು, ಪಾರುಪತ್ಯಗಾರ. ಪಾರುಪತ್ಯ ನಮಗೆ ದೇವಸ್ಥಾನಗಳಿಂದ ಪರಿಚಿತ. ಗುಡಿಯ ಆದಾಯ, ಉಗ್ರಾಣ, ಉತ್ಸವದ ಖರ್ಚು ನೋಡಿಕೊಳ್ಳುವವರು ಪಾರುಪತ್ಯದವರು. ಮನೆವಾರ್ತೆ ಎಂದರೆ ಮನೆಯ ವ್ಯವಹಾರ.

ಮೂಲ ಗ್ರೀಕಿನಲ್ಲಿ ಈ ಪದ ಓಯ್ಕೊನೊಮೊಸ್. ಓಯ್ಕೊಸ್ ಎಂದರೆ ಮನೆ. ಇಂಗ್ಲಿಷಿನವರ ಎಕಾನಮಿ, ಅಂದರೆ ನಮ್ಮ ಅರ್ಥವ್ಯವಸ್ಥೆ, ಹುಟ್ಟಿದ್ದೂ ಇದೇ ಬೇರಿನಿಂದ. ಆ ಕಾಲದ ರೋಮನ್ ಸಿರಿವಂತರ ಮನೆಗಳಲ್ಲಿ ಬೀಗದ ಕೈ ಹಿಡಿದು, ಆಳುಕಾಳುಗಳಿಗೆ ಹೊತ್ತುಹೊತ್ತಿಗೆ ಪಡಿ ಅಳೆದು ಕೊಡುತ್ತಿದ್ದ ಈ ಮನುಷ್ಯ ಎಷ್ಟೋ ಸಲ ತಾನೂ ಗುಲಾಮನೇ ಆಗಿರುತ್ತಿದ್ದ. ಯೇಸು ಹೇಳಿದ ಸಾಮ್ಯಗಳಲ್ಲಿ, ಅಂದರೆ ನೀತಿಕಥೆಗಳಲ್ಲಿ, ಬರುವ ಮನೆವಾರ್ತೆಯವನು ಇವನೇ. ಲೂಕನ 16ನೇ ಅಧ್ಯಾಯದಲ್ಲಿ ಯಜಮಾನ ಅವನನ್ನು ಕರೆದು ಕೇಳುವುದು ಒಂದೇ ಮಾತು: ನಿನ್ನ ಲೆಕ್ಕ ಒಪ್ಪಿಸು. ಮಾರ್ಚ್ ತಿಂಗಳ ಕೊನೆಯಲ್ಲಿ ಈ ಮಾತನ್ನು ನಾನೂ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ.

ಪದದೊಳಗೇ ಮನೆ ಇರುವುದರಿಂದ ಕ್ರೈಸ್ತರ ಆಲೋಚನೆಯಲ್ಲಿ ಹಣದ ವಿಷಯ, ಕುಟುಂಬದ ವಿಷಯ ಎಂದು ಎರಡು ಬೇರೆ ಕಡತಗಳಿಲ್ಲ.

ಒಂದು ತಲಾಂತು ಎಂದರೆ ಎಷ್ಟು?

ಮತ್ತಾಯನ 25ನೇ ಅಧ್ಯಾಯದ ಕಥೆ ಹೀಗಿದೆ. ದೂರದೇಶಕ್ಕೆ ಹೊರಟ ಯಜಮಾನ ಮೂವರು ಆಳುಗಳನ್ನು ಕರೆದು ಒಬ್ಬನಿಗೆ ಐದು ತಲಾಂತು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ಒಪ್ಪಿಸುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಎರಡರಷ್ಟು ಮಾಡುತ್ತಾರೆ. ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ, ಯಜಮಾನ ಮರಳಿ ಬಂದಾಗ ಅಗೆದು ಹಾಗೆಯೇ ಕೊಡುತ್ತಾನೆ, ಬೈಸಿಕೊಳ್ಳುತ್ತಾನೆ. ಕದ್ದಿಲ್ಲ, ಕಳೆದಿಲ್ಲ, ಆದರೂ ಅವನೇ ತಪ್ಪಿತಸ್ಥ.

ತಲಾಂತು ಎಂದರೆ ಒಂದು ನಾಣ್ಯವೆಂದು ನಾನು ಬಹಳ ದಿನ ತಿಳಿದಿದ್ದೆ. ಅದು ತೂಕದ ಲೆಕ್ಕ. ಸುಮಾರು 6,000 ದಿನಾರಿಗೆ ಸಮ. ಒಂದು ದಿನಾರಿ ಆಗಿನ ಕೂಲಿಯವನ ಒಂದು ದಿನದ ಸಂಬಳ. ವರ್ಷಕ್ಕೆ 300 ದಿನ ಕೂಲಿ ಸಿಕ್ಕಿದರೆ ಒಂದು ತಲಾಂತು ದುಡಿಯಲು 20 ವರ್ಷ ಬೇಕು. ಇಂದಿನ ಕೂಲಿಯನ್ನು ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೆ ಒಂದು ತಲಾಂತಿಗೆ 30 ಲಕ್ಷ. "ಪಾಪ, ಅವನಿಗೆ ಒಂದೇ ಸಿಕ್ಕಿತು" ಎಂದು ನಾವು ಮರುಗುವ ಮೂರನೆಯವನು 30 ಲಕ್ಷವನ್ನು ಹೂತಿಟ್ಟಿದ್ದ. ಐದು ತಲಾಂತಿನವನ ಕೈಯಲ್ಲಿ ಒಂದೂವರೆ ಕೋಟಿ.

ಇಂಗ್ಲಿಷಿನಲ್ಲಿ ಟ್ಯಾಲೆಂಟ್ ಎಂಬ ಪದಕ್ಕೆ ಪ್ರತಿಭೆ ಎಂಬ ಅರ್ಥ ಬಂದದ್ದು ಈ ಕಥೆಯಿಂದಲೇ. ಕನ್ನಡ ಕ್ರೈಸ್ತರೂ ಹಾಡುವುದು, ಹೊಲಿಯುವುದು, ಲೆಕ್ಕ ಹೇಳಿಕೊಡುವುದು ಎಲ್ಲವನ್ನೂ ತಲಾಂತು ಎನ್ನುತ್ತಾರೆ. ಹಾಗಾಗಿ ಲೆಕ್ಕ ಒಪ್ಪಿಸುವ ಪಟ್ಟಿ ಬ್ಯಾಂಕಿನ ಪಾಸ್‌ಬುಕ್ಕಿಗೆ ಮುಗಿಯುವುದಿಲ್ಲ.

ಹತ್ತನೆಯ ಒಂದು ಪಾಲು

ಇನ್ನು ನನ್ನ ಹೆಂಡತಿಯ ಪ್ರಶ್ನೆ. ಆದಾಯದ ಹತ್ತನೆಯ ಒಂದು ಭಾಗವನ್ನು ದೇವರಿಗೆ ಕೊಡುವುದಕ್ಕೆ ದಶಮಾಂಶ ಎನ್ನುತ್ತಾರೆ. ಇದು ಬಂದದ್ದು ಹಳೆಯ ಒಡಂಬಡಿಕೆಯಿಂದ, ಅಂದರೆ ಯೇಸುವಿಗೂ ಹಿಂದಿನ ಯೆಹೂದ್ಯರ ಧರ್ಮಶಾಸ್ತ್ರದಿಂದ. ಇಸ್ರಾಯೇಲಿನ ಕುಲಗಳಿಗೆ ಭೂಮಿ ಹಂಚಿದಾಗ ಲೇವಿ ಕುಲದವರಿಗೆ ಭೂಮಿಯ ಪಾಲು ಸಿಗಲಿಲ್ಲ. ಅವರಿಗೆ ದೇವಾಲಯದ ಊಳಿಗ. ಅದಕ್ಕಾಗಿ ಉಳಿದವರ ಬೆಳೆಯ ಹತ್ತನೆಯ ಪಾಲು ಅವರಿಗೆ ಎಂದು ಅರಣ್ಯಕಾಂಡದ 18ನೇ ಅಧ್ಯಾಯ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ನೀರುಗಂಟಿ ಮೊದಲಾದ ಆಯಗಾರರಿಗೆ ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದ ಆಯದ ಹಾಗೆ ಎಂದುಕೊಂಡರೆ ಸುಲಭವಾಗಿ ತಿಳಿಯುತ್ತದೆ.

ನನ್ನನ್ನು ಅಚ್ಚರಿಗೊಳಿಸಿದ್ದು ಧರ್ಮೋಪದೇಶಕಾಂಡದ 14ನೇ ಅಧ್ಯಾಯ. ಅಲ್ಲಿ ದಶಮಾಂಶವನ್ನು ಕೊಟ್ಟವನೇ ಉಣ್ಣುತ್ತಾನೆ! ಬೆಳೆಯ ಹತ್ತನೆಯ ಪಾಲನ್ನು ದೇವರ ಸನ್ನಿಧಿಗೆ ಒಯ್ದು, ಮನೆಮಂದಿಯೊಂದಿಗೆ ಕುಳಿತು ಸಂತೋಷದಿಂದ ಊಟ ಮಾಡಬೇಕು. ಊರಿನ ಲೇವಿಯನನ್ನೂ ಮರೆಯಬಾರದು. ದಾರಿ ದೂರವಾದರೆ ಮಾರಿ ಹಣ ಕಟ್ಟಿಕೊಂಡು ಹೋಗಿ, ಅಲ್ಲಿ ಬೇಕಾದದ್ದನ್ನು ಕೊಳ್ಳಬಹುದು. ಮೂರು ವರ್ಷಕ್ಕೊಮ್ಮೆ ಮಾತ್ರ ಆ ಪಾಲು ಊರಿನಲ್ಲೇ ಉಳಿಯುತ್ತದೆ. ಲೇವಿಯನಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ. ಹಬ್ಬ, ಪುರೋಹಿತರ ಜೀವನ, ಬಡವರ ಊಟ ಮೂರೂ ಒಂದೇ ಹತ್ತರೊಳಗೆ ಬರುತ್ತಿದ್ದವು. ಚರ್ಚಿನಲ್ಲಿ ಆ ದಿನ ಹರಾಜಿನ ನಂತರ ಎಲೆ ಹಾಕಿ ಊರವರಿಗೆಲ್ಲ ಬಡಿಸಿದ್ದಕ್ಕೆ ಈ ಹಿನ್ನೆಲೆ ಇದೆ.

ಇಂದಿನ ಕ್ರೈಸ್ತರಿಗೆ ಇದು ಕಡ್ಡಾಯವೇ? ಸಭೆಯಿಂದ ಸಭೆಗೆ ಉತ್ತರ ಬೇರೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕ್ಯಾಥೊಲಿಕರು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರ ಧರ್ಮಸಭೆ ತನ್ನ ಅಗತ್ಯಗಳಿಗೆ ಶಕ್ತ್ಯಾನುಸಾರ ನೆರವಾಗಬೇಕೆಂದು ಹೇಳುತ್ತದೆ, ಶೇಕಡಾವಾರು ನಿಗದಿ ಮಾಡಿಲ್ಲ. ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಸೆಪ್ಟೆಂಬರ್ 8ರ ಹಬ್ಬದಂದು ಬರುವ ಜನ ಕೊಡುವುದು ಹರಕೆ, ಅದರ ಬಗೆಯೇ ಬೇರೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸದಸ್ಯರ ಚಂದಾ, ಭಾನುವಾರದ ಕಾಣಿಕೆ, ಹುಟ್ಟುಹಬ್ಬಕ್ಕೋ ಕಾಯಿಲೆ ವಾಸಿಯಾದದ್ದಕ್ಕೋ ಕೊಡುವ ಸ್ತೋತ್ರ ಕಾಣಿಕೆ ಇವೆಲ್ಲ ಉಂಟು. ಪೆಂತೆಕೊಸ್ತ್ ಸಭೆಗಳಲ್ಲಿ ದಶಮಾಂಶಕ್ಕೆ ಒತ್ತು ಹೆಚ್ಚು. ಹತ್ತು ಎಂದರೆ ಕೈಗೆ ಬರುವ ಸಂಬಳದ ಹತ್ತೋ, ಕಡಿತಕ್ಕೆ ಮುಂಚಿನ ಹತ್ತೋ ಎಂಬ ಚರ್ಚೆಯೂ ನಡೆಯುತ್ತದೆ. ಲೆಕ್ಕದವನಾದ ನನಗೆ ಅದು ಬಹಳ ಇಷ್ಟವಾಯಿತು.

ಹೊಸ ಒಡಂಬಡಿಕೆಯಲ್ಲಿ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 9ನೇ ಅಧ್ಯಾಯದಲ್ಲಿ, ಪೌಲನು ಅಂಕಿ ಹೇಳುವುದಿಲ್ಲ. ಪ್ರತಿಯೊಬ್ಬನೂ ಮನಸ್ಸಿನಲ್ಲಿ ನಿಶ್ಚಯಿಸಿದಂತೆ ಕೊಡಲಿ, ದುಃಖದಿಂದಾಗಲಿ ಬಲವಂತದಿಂದಾಗಲಿ ಬೇಡ ಎನ್ನುತ್ತಾನೆ. ಯೇಸು ಮೆಚ್ಚಿದ ಬಡ ವಿಧವೆ ಪೆಟ್ಟಿಗೆಗೆ ಹಾಕಿದ್ದು ಎರಡು ಚಿಕ್ಕಾಸು, ಆದರೆ ಶೇಕಡಾ ನೂರು. ಕೊಟ್ಟರೆ ಆಕಾಶದ ಬಾಗಿಲು ತೆರೆದು ಸುರಿಸುತ್ತೇನೆ ಎಂಬ ಮಲಾಕಿಯ 3ನೇ ಅಧ್ಯಾಯದ ಮಾತನ್ನು ಹಿಡಿದು, ಹತ್ತು ಕೊಟ್ಟರೆ ನೂರು ಬರುತ್ತದೆ ಎಂದು ಬೋಧಿಸುವವರೂ ಇದ್ದಾರೆ. ದೇವರನ್ನು ಚೀಟಿ ವ್ಯವಹಾರಕ್ಕೆ ಇಳಿಸಬೇಡಿ ಎಂದು ಇದನ್ನು ಬಲವಾಗಿ ವಿರೋಧಿಸುವ ಸಭಾಪಾಲಕರೂ ಕ್ರೈಸ್ತರಲ್ಲೇ ಇದ್ದಾರೆ.

ಟೀಚರಮ್ಮನ ಪುಸ್ತಕ

ಉಯಿಲಿನ ಮಾತಿಗೆ ಬಂದ ದಿನ ಅವರು ತಮ್ಮ ಖರ್ಚಿನ ಪುಸ್ತಕವನ್ನೂ ತಂದಿದ್ದರು. ಮಕ್ಕಳು ಬರೆದು ಅರ್ಧಕ್ಕೆ ಬಿಟ್ಟ ಉದ್ದದ ನೋಟ್‌ಬುಕ್. ಹಿಂದಿನ ಪುಟಗಳಲ್ಲಿ ಯಾವುದೋ ಕಾಲದ ಬೀಜಗಣಿತ, ಮುಂದಿನ ಪುಟಗಳಲ್ಲಿ ಸ್ಕೇಲಿನಿಂದ ಗೆರೆ ಎಳೆದ ಅಂಕಣಗಳು. ಮೊದಲ ಅಂಕಣಕ್ಕೆ ಕಾಣಿಕೆ ಎಂಬ ತಲೆಬರಹ. ಆಮೇಲೆ ಅಡುಗೆಮನೆ, ಅಮ್ಮ, ಕರೆಂಟು ನೀರು, ಕೈಗಡ, ಕೊನೆಗೆ ಬಾಗಿಲಿಗೆ ಬಂದವರು. ಎಂಬತ್ತೈದು ದಾಟಿದ ತಾಯಿ ಅವರ ಜೊತೆಯಲ್ಲೇ ಇದ್ದಾರೆ. "ಅಮ್ಮ" ಎಂಬ ಅಂಕಣದಲ್ಲಿ ಬಿ.ಪಿ. ಮಾತ್ರೆ, ಎಲೆಯಡಿಕೆ ಎರಡೂ ಅಕ್ಕಪಕ್ಕ ಇದ್ದವು.

ಸುಗ್ಗಿ ಹಬ್ಬದ ತಾರೀಖು ಹುಡುಕಿದೆ. ಕುಂಬಳಕಾಯಿ 1,100 ಎಂದು ಒಂದೇ ಸಾಲಿನಲ್ಲಿರುತ್ತದೆ ಎಂದುಕೊಂಡಿದ್ದೆ. ಅಡುಗೆಮನೆಯ ಅಂಕಣದಲ್ಲಿ 60, ಕಾಣಿಕೆಯ ಅಂಕಣದಲ್ಲಿ 1,040 ಎಂದು ಒಡೆದು ಬರೆದಿದ್ದರು. ಕುಂಬಳಕಾಯಿಯನ್ನು ಹುಳಿ ಮಾಡಿ ಉಂಡೆವಲ್ಲ, ಅದು ಹೇಗೆ ಕಾಣಿಕೆಯಾಗುತ್ತದೆ ಎಂದು ನನ್ನನ್ನೇ ಕೇಳಿದರು. ಮೂವತ್ತು ವರ್ಷ ಲೆಕ್ಕ ಬರೆದವನಿಗೂ ಇಷ್ಟು ಚೊಕ್ಕವಾದ ಒಡಕು ಹೊಳೆಯುವುದಿಲ್ಲ.

ಇಡೀ ವಿಷಯದ ಗಂಟು ಈ ಪುಸ್ತಕದಲ್ಲಿದೆ. ಹೊರಗಿನವರು ಕ್ರೈಸ್ತರ ಹತ್ತನ್ನು ಮಾತ್ರ ನೋಡುತ್ತಾರೆ. ಮನೆವಾರ್ತೆಯ ವಿಚಾರ ಹಿಡಿದವರಿಗೆ ಹತ್ತು ಒಂದು ಗುರುತು ಮಾತ್ರ. ಬತ್ತದ ರಾಶಿಯ ಮೇಲಿಂದ ಒಂದು ಹಿಡಿ ತೆಗೆದರೆ ರಾಶಿಯೆಲ್ಲ ಯಾರದೆಂದು ಒಪ್ಪಿಕೊಂಡ ಹಾಗೆ. ಉಳಿದ ತೊಂಬತ್ತೂ ಒಡೆಯನದೇ ಆದ್ದರಿಂದ ಮಾತ್ರೆಗೂ ಕರೆಂಟಿಗೂ ಅಂಕಣ ಬೇಕು.

ಕೊರ್ಬಾನ್ ಎಂದು ಕೈತೊಳೆದುಕೊಂಡವರು

ದೇವರಿಗೆ ಕೊಡುವುದಕ್ಕೂ ಮನೆಗೆ ಕೊಡುವುದಕ್ಕೂ ಜಗಳ ಬಂದರೆ? ಯೇಸು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಪ್ರಸಂಗ ಮಾರ್ಕನ 7ನೇ ಅಧ್ಯಾಯದಲ್ಲಿದೆ. ಕೊರ್ಬಾನ್ ಎಂದರೆ ದೇವರಿಗೆ ಮುಡಿಪಿಟ್ಟದ್ದು. ಒಮ್ಮೆ ಹಾಗೆಂದು ಆಣೆಯಿಟ್ಟು ಹೇಳಿದರೆ ಆ ವಸ್ತು ಬೇರೆಯವರಿಗೆ ಕೊಡುವ ಹಾಗಿಲ್ಲ. ಕೆಲವರು ತಂದೆತಾಯಿಗೆ ಕೊಡಬೇಕಾದದ್ದನ್ನು ಕೊರ್ಬಾನ್ ಎಂದು ಹೇಳಿ ಜಾರಿಕೊಳ್ಳುತ್ತಿದ್ದರು. ತಂದೆತಾಯಿಯನ್ನು ಸನ್ಮಾನಿಸು ಎಂಬ ದೇವರ ಆಜ್ಞೆಯನ್ನು ನಿಮ್ಮ ಸಂಪ್ರದಾಯಕ್ಕಾಗಿ ನಿರರ್ಥಕ ಮಾಡುತ್ತೀರಿ ಎಂದು ಯೇಸು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ದೇವರ ಹೆಸರು ಹೇಳಿಯೂ ಅಮ್ಮನ ಔಷಧಿಯ ದುಡ್ಡನ್ನು ಮುಟ್ಟುವ ಹಾಗಿಲ್ಲ.

ಪೌಲನ ಮಾತು ಇನ್ನೂ ಖಾರ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5ನೇ ಅಧ್ಯಾಯದಲ್ಲಿ, ಸ್ವಂತದವರನ್ನು, ಅದರಲ್ಲೂ ಮನೆಯವರನ್ನು ಸಂರಕ್ಷಿಸದವನು ನಂಬದವನಿಗಿಂತಲೂ ಕಡೆ ಎಂದಿದ್ದಾನೆ. ವಿಧವೆಯರಿಗೆ ಸಭೆ ನೆರವು ಕೊಡಬೇಕು ಎಂಬ ಚರ್ಚೆಯ ನಡುವೆ ಬರುವ ಮಾತಿದು: ಮಕ್ಕಳು ಮೊಮ್ಮಕ್ಕಳು ಇರುವ ವಿಧವೆಯನ್ನು ಅವರೇ ನೋಡಿಕೊಳ್ಳಲಿ, ಯಾರೂ ಇಲ್ಲದವರನ್ನು ಸಭೆ ನೋಡಿಕೊಳ್ಳಲಿ.

ಹಾಗೆಂದು ಮನೆಯ ಗೋಡೆಯೇ ಕೊನೆಯ ಎಲ್ಲೆಯೂ ಅಲ್ಲ. ಹೊಲ ಕೊಯ್ಯುವಾಗ ಅಂಚಿನ ತೆನೆಗಳನ್ನು ಬಿಡಬೇಕು, ಉದುರಿದ್ದನ್ನು ಆಯಬಾರದು, ಅದು ಬಡವರಿಗೂ ಪರದೇಶಿಗೂ ಸೇರಿದ್ದು ಎಂಬುದು ಯಾಜಕಕಾಂಡದ 19ನೇ ಅಧ್ಯಾಯದ ಕಟ್ಟಳೆ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆಯಲು ಬರುವ ಹೆಂಗಸರನ್ನು ಚಳ್ಳಕೆರೆಯ ಕಡೆಯವರು ಕಂಡೇ ಇರುತ್ತಾರೆ.

ಹಗೇವು ಮತ್ತು ಇರುವೆ

ಕೂಡಿಡುವುದು ತಪ್ಪೇ? ಜ್ಞಾನೋಕ್ತಿಗಳ 6ನೇ ಅಧ್ಯಾಯ ಸೋಮಾರಿಯನ್ನು ಇರುವೆಯ ಬಳಿಗೆ ಪಾಠಕ್ಕೆ ಕಳುಹಿಸುತ್ತದೆ. ಅದು ಸುಗ್ಗಿಯಲ್ಲಿ ಆಹಾರ ಕೂಡಿಡುತ್ತದೆ. ಯೋಸೇಫನು ಈಜಿಪ್ಟಿನಲ್ಲಿ ಏಳು ವರ್ಷದ ಸುಭಿಕ್ಷದಲ್ಲಿ ತುಂಬಿಟ್ಟ ಧಾನ್ಯದಿಂದ ಏಳು ವರ್ಷದ ಬರವನ್ನು ದಾಟಿಸುತ್ತಾನೆ. ಇತ್ತ ಲೂಕನ 12ನೇ ಅಧ್ಯಾಯದ ಐಶ್ವರ್ಯವಂತ, ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಯೋಚಿಸಿ, ಇನ್ನು ಬಹಳ ವರ್ಷ ಉಂಡು ಕುಡಿದು ಸುಖವಾಗಿರು ಎಂದು ತನಗೆ ತಾನೇ ಹೇಳಿಕೊಂಡ ರಾತ್ರಿಯೇ ಸಾಯುತ್ತಾನೆ.

ಯೋಸೇಫನದೂ ಹಗೇವು, ಅಂದರೆ ಧಾನ್ಯ ತುಂಬಿಡುವ ನೆಲಕುಳಿ; ಇವನದೂ ಹಗೇವು. ಬೇರೆಯಾದದ್ದು ಬಾಯಿ ತೆರೆಯುವುದು ಯಾರಿಗಾಗಿ ಎಂಬುದರಲ್ಲಿ. ಈ ಐಶ್ವರ್ಯವಂತನ ಮಾತನ್ನು ಓದಿ ನೋಡಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಬರವೆಂದರೇನೆಂದು ಚಿತ್ರದುರ್ಗದವರಿಗೆ ಹೇಳಿಕೊಡಬೇಕಾಗಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಇಂಥ ಸೀಮೆಯಲ್ಲಿ ಕೂಡಿಡಬೇಡಿ ಎಂದು ಯಾವ ಧರ್ಮ ಬೋಧಿಸಿದರೂ ಕೇಳುವವರಿಲ್ಲ.

ಮೆಥೊಡಿಸ್ಟ್ ಪಂಗಡಕ್ಕೆ ಕಾರಣನಾದ ಜಾನ್ ವೆಸ್ಲಿ ಹಣದ ಬಳಕೆಯ ಬಗ್ಗೆ ಮಾಡಿದ ಪ್ರಸಂಗದಲ್ಲಿ ಮೂರು ಸೂತ್ರ ಕೊಟ್ಟಿದ್ದಾನೆ: ಆದಷ್ಟು ಗಳಿಸಿ, ಆದಷ್ಟು ಉಳಿಸಿ, ಆದಷ್ಟು ಕೊಡಿ. ಗಳಿಕೆಯಲ್ಲಿ ನೆರೆಯವನ ದೇಹಕ್ಕೂ ಆಸ್ತಿಗೂ ಹಾನಿಯಾಗಬಾರದು ಎಂಬ ಕಟ್ಟುಪಾಡೂ ಅದರಲ್ಲಿದೆ. ಜನ ಮೊದಲೆರಡನ್ನು ಬೇಗ ಕಲಿತು ಮೂರನೆಯದರಲ್ಲಿ ನಿಲ್ಲುತ್ತಾರೆ ಎಂದು ಅವನು 1791ರಲ್ಲಿ ಸಾಯುವವರೆಗೂ ಪೇಚಾಡಿದ. ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳೇ 1947ರ ಸೆಪ್ಟೆಂಬರ್ 27ರಂದು ಬೇರೆ ಪಂಗಡಗಳೊಂದಿಗೆ ಕೂಡಿ ಸಿ.ಎಸ್.ಐ. ಆದವು. ಹಾಗಾಗಿ ವೆಸ್ಲಿಯ ಮೂರು ಸೂತ್ರ ಇಲ್ಲಿನ ಹಳೆಯ ಕುಟುಂಬಗಳಿಗೆ ಅಪರಿಚಿತವಲ್ಲ.

ಸಾಲದ ವಿಷಯ ಎರಡೇ ಮಾತಿನಲ್ಲಿ ಹೇಳಬಹುದು. ಸಾಲ ಪಡೆದವನು ಕೊಟ್ಟವನಿಗೆ ಸೇವಕ ಎಂದು ಜ್ಞಾನೋಕ್ತಿ ಎಚ್ಚರಿಸುತ್ತದೆ, ಕಂಡಕಂಡವರಿಗೆ ಜಾಮೀನು ನಿಲ್ಲಬೇಡ ಎಂದೂ ಹೇಳುತ್ತದೆ. ಸಾಲ ಕೊಟ್ಟವನಿಗೂ ಕಟ್ಟಳೆ ಉಂಟು: ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಬದುಕನ್ನೇ ಒತ್ತೆ ಇಟ್ಟುಕೊಂಡಂತೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೂಡ ಸಾಲಗಾರನ ಅಡುಗೆ ಪಾತ್ರೆ, ಉಡುವ ಬಟ್ಟೆ, ಕುಶಲಕರ್ಮಿಯ ಸಲಕರಣೆಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ.

ಮಕ್ಕಳೆಂಬ ಸ್ವಾಸ್ಥ್ಯ

ಸ್ವಾಸ್ಥ್ಯ ಎಂದರೆ ನಮಗೆ ಆರೋಗ್ಯ. ಬೈಬಲಿನ ಕನ್ನಡದಲ್ಲಿ ಅದರ ಅರ್ಥ ಪಿತ್ರಾರ್ಜಿತ, ಪಾಲಿಗೆ ಬಂದ ಆಸ್ತಿ. ಮಕ್ಕಳು ಯೆಹೋವನಿಂದ ಬಂದ ಸ್ವಾಸ್ಥ್ಯ ಎಂದು ಕೀರ್ತನೆಗಳ 127ನೇ ಅಧ್ಯಾಯ ಹೇಳುತ್ತದೆ. ಅವರೂ ಒಪ್ಪಿಸಿದ ನೀರೇ ಆದರೆ ತಂದೆತಾಯಿ ಅವರ ಒಡೆಯರಾಗುವುದಿಲ್ಲ. ಮಕ್ಕಳು ತಂದೆತಾಯಿಗೆ ವಿಧೇಯರಾಗಲಿ ಎಂದ, ಎಫೆಸದವರಿಗೆ ಬರೆದ ಪತ್ರವೇ ಕೆಲವು ಸಾಲುಗಳ ನಂತರ, ತಂದೆಗಳೇ, ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಎನ್ನುತ್ತದೆ. ಮಗನನ್ನು ವೃದ್ಧಾಪ್ಯದ ಠೇವಣಿಯಂತೆ ಬೆಳೆಸುವ ರೂಢಿಗೆ ಇದು ಹೊಂದುವುದಿಲ್ಲ. ಮಕ್ಕಳು ತಂದೆತಾಯಿಗಾಗಿ ಕೂಡಿಡಬೇಕಾದದ್ದಿಲ್ಲ, ತಂದೆತಾಯಿ ಮಕ್ಕಳಿಗಾಗಿ ಕೂಡಿಡಬೇಕು ಎಂದು ಪೌಲನು ಒಂದು ಕಡೆ ಬರೆದಿದ್ದಾನೆ.

ಉಯಿಲು ಏಕೆ ಬೇಕಾಯಿತು

ಕ್ರೈಸ್ತರ ಆಸ್ತಿ ಹಂಚಿಕೆಗೆ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925 ಅನ್ವಯಿಸುತ್ತದೆ. ಉಯಿಲು ಬರೆಯದೆ ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ. ಮಗ, ಮಗಳು ಎಂಬ ಭೇದವಿಲ್ಲ, ಸಮಪಾಲು. ಹಿಂದೂ ಅವಿಭಕ್ತ ಕುಟುಂಬದಲ್ಲಿರುವಂತೆ ಹುಟ್ಟಿನಿಂದಲೇ ಬರುವ ಪಾಲು ಇಲ್ಲಿಲ್ಲ.

ಈ ಸಮಪಾಲು ಎಲ್ಲ ಕಡೆ ಸುಲಭವಾಗಿ ಬರಲಿಲ್ಲ. ಕೇರಳದ ಹಳೆಯ ತಿರುವಾಂಕೂರು ಪ್ರದೇಶದಲ್ಲಿ 1916ರ ಕಾನೂನಿನಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ 1986ರಲ್ಲಿ, ಅಲ್ಲಿಗೂ 1925ರ ಕಾನೂನೇ ಅನ್ವಯ ಎಂದು ತೀರ್ಪಾಯಿತು.

ಕೊರ್ಬಾನಿನ ಜಗಳ ಈ ಕಾನೂನಿನೊಳಗೂ ಒಂದು ಕಾಲಕ್ಕೆ ಇತ್ತು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಸಾಯುವುದಕ್ಕೆ ಕನಿಷ್ಠ 12 ತಿಂಗಳು ಮೊದಲೇ ಉಯಿಲು ಮಾಡಿರಬೇಕು ಎಂದು 118ನೇ ಕಲಮು ಹೇಳುತ್ತಿತ್ತು. ಸಾವಿನ ಹಾಸಿಗೆಯಲ್ಲಿ ಮನೆಯವರನ್ನು ಬಿಟ್ಟು ಎಲ್ಲವನ್ನೂ ದೇವರಿಗೆ ಬರೆದುಬಿಟ್ಟಾರು ಎಂಬ ಅಳುಕು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಮ್ ಇದನ್ನು ಪ್ರಶ್ನಿಸಿದರು. ಬೇರೆಯವರಿಗಿಲ್ಲದ ನಿರ್ಬಂಧ ಕ್ರೈಸ್ತರಿಗೆ ಮಾತ್ರ ಇರುವುದು ಸಮಾನತೆಗೆ ವಿರುದ್ಧ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಈಗ ತೀರ್ಮಾನ ಬರೆಯುವವರ ವಿವೇಕಕ್ಕೆ ಬಿಟ್ಟದ್ದು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗೋ ಸಾಕ್ಷಿಯ ಗಂಡ, ಹೆಂಡತಿಗೋ ಏನಾದರೂ ಬರೆದಿದ್ದರೆ ಕ್ರೈಸ್ತರ ಉಯಿಲಿನಲ್ಲಿ ಆ ಭಾಗ ಸಲ್ಲುವುದಿಲ್ಲ. ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಾದೊಡನೆ ಬಿದ್ದುಹೋಗುತ್ತದೆ. ಇವೆರಡು ತಿಳಿಯದೆ ಎಡವುವವರು ಬಹಳ.

ಇಷ್ಟು ಓದಿದ ಮೇಲೆ ಟೀಚರಮ್ಮನಿಗೆ ಹೇಳಿದೆ: ನೀವು ಏನೂ ಬರೆಯದಿದ್ದರೂ ಮಗನಿಗೂ ಮಗಳಿಗೂ ಅರ್ಧರ್ಧ ಹೋಗುತ್ತದೆ, ಉಯಿಲು ಏಕೆ? ಅವರು ಕೇಳಿದ್ದು, "ಅಮ್ಮನಿಗೆ?" ಎಂದು. ಅಲ್ಲಿಯವರೆಗೆ ನಾನು ಆ ಕಡೆ ನೋಡಿಯೇ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಗಂಡಸು ತೀರಿಕೊಂಡರೆ ಅವನ ತಾಯಿ ಮೊದಲ ವರ್ಗದ ವಾರಸುದಾರಳು. 1925ರ ಕಾನೂನಿನಲ್ಲಿ ಮಕ್ಕಳಿದ್ದವರು ತೀರಿಕೊಂಡರೆ ಅವರ ತಾಯಿಗೆ ಕಾಸೂ ಇಲ್ಲ. ಆದ್ದರಿಂದ ಉಯಿಲಿನ ಮೊದಲ ಕಲಮು, ಅಮ್ಮ ಇರುವತನಕ ಈ ಮನೆಯಲ್ಲಿ ವಾಸಿಸುವ ಹಕ್ಕು ಮತ್ತು ಠೇವಣಿಯ ಬಡ್ಡಿ ಅವರದು ಎಂದಾಯಿತು. ಎರಡನೆಯದು ಮಗ, ಮಗಳ ಸಮಪಾಲು. ಮೂರನೆಯದು ಚರ್ಚಿಗೆ ಒಂದು ಸಣ್ಣ ಮೊತ್ತ.

ನಾಲ್ಕನೆಯದನ್ನು ಅವರು ಸ್ವಲ್ಪ ಸಂಕೋಚದಿಂದ ಹೇಳಿದರು. ಹಳೆಯ ಹೊಲಿಗೆ ಯಂತ್ರ; ಪಕ್ಕದ ವಠಾರದ ಹುಡುಗಿ ಅದರಲ್ಲೇ ರವಿಕೆ ಹೊಲಿಯಲು ಕಲಿತವಳು, ಈಗಲೂ ಸಂಜೆ ಬಂದು ಹೊಲಿಯುತ್ತಾಳೆ. ಅವಳ ಹೆಸರು ಕಾನೂನಿನ ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಆದ್ದರಿಂದ ಬರೆಯಲೇಬೇಕು ಎಂದರು. ಯಂತ್ರ, ಅದರ ಮರದ ಮೇಜು, ಬಾಬಿನ್‌ಗಳ ಡಬ್ಬಿ ಸಹಿತ ಎಂದು ಬರೆದುಕೊಂಡೆ. ಸಾಕ್ಷಿ ಹಾಕಲು ಆ ಹುಡುಗಿಯ ತಂದೆ ಮುಂದೆ ಬಂದಿದ್ದರು. ಕಾನೂನಿನ ಪ್ರಕಾರ ಅಡ್ಡಿಯಿಲ್ಲದಿದ್ದರೂ, ನಾಳೆ ಯಾರೂ ಬೆರಳು ತೋರಿಸುವುದು ಬೇಡವೆಂದು ಅವರನ್ನು ಬಿಟ್ಟು, ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರನ್ನು ಕರೆಸಿದೆವು.